ಬೋರ್ಡಿಗೆ ಅರವತ್ತು, ಸ್ಕೂಲಿಗೆ ಸೊನ್ನೆ!



ಅಂಗಡಿ ಬೋರ್ಡಿನಲ್ಲಿ ನೂರಕ್ಕೆ ೬೦ ಭಾಗ ಕನ್ನಡ ಇರಲೇಬೇಕು, ಅದೂ ಮೇಲುಗಡೆಯೇ ಇರಬೇಕು ಅಂತ ೨೦೨೩ರ ಡಿಸೆಂಬರ್ ೨೭ರಂದು ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಬೀದಿಗಿಳಿದಿರಿ, ಪೊಲೀಸ್ ವ್ಯಾನು ಹತ್ತಿದಿರಿ. ೨೦೨೪ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದಿತು. ಗೆದ್ದಿರಿ. ಭೇಷ್!

ಈಗ ಇನ್ನೊಂದು ಕೆಲಸ ಮಾಡಿ. ಇವತ್ತು ಸಂಜೆ ನಿಮ್ಮ ಬಡಾವಣೆಯ ಮೇನ್ ರೋಡಿನಲ್ಲಿ ಒಂದು ಫರ್ಲಾಂಗು ನಡೆಯಿರಿ. ತಲೆ ಎತ್ತಿ ಆ ೬೦ ಭಾಗವನ್ನು ಓದಿ ನೋಡಿ. ‘ಸ್ವಾಗತ’ದ ವ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ‘ಸ್‌ವಾಗತ’ ಆಗಿರುತ್ತದೆ. ಬಟ್ಟೆ ಅಂಗಡಿಯ ‘ವಸ್ತ್ರ’ ಮೂರು ಚೂರಾಗಿ ‘ವಸ್‌ತ್‌ರ’ ಅಂತ ಬಿದ್ದಿರುತ್ತದೆ. ಕೆಳಗಿನ ೪೦ ಭಾಗದ ಇಂಗ್ಲಿಷು ಮಾತ್ರ ಮದುವೆ ಗಂಡಿನ ಹಾಗೆ ಸಿಂಗಾರಗೊಂಡು ನಿಂತಿರುತ್ತದೆ. ಮೇಲಿನ ಕನ್ನಡವನ್ನು ನೋಡಿದರೆ ದಂಡ ಕಟ್ಟಿದ ರಸೀತಿ ಅಂಟಿಸಿದ ಹಾಗಿರುತ್ತದೆ. ಜಾಗ ತುಂಬಬೇಕಲ್ಲ ಅಂತ ಅಕ್ಷರವನ್ನು ಎರಡೂ ಕಡೆ ಹಿಡಿದು ಚಪಾತಿ ಹಿಟ್ಟಿನಂತೆ ಎಳೆದಿರುತ್ತಾರೆ. ಇನ್‌ಸ್ಪೆಕ್ಟರು ಟೇಪು ಹಿಡಿದು ಅಳೆದರೆ ಲೆಕ್ಕ ಸರಿ. ಕಾನೂನು ಟೇಪಿನಲ್ಲಿ ಅಳೆಯುತ್ತದೆ, ಓದುವವನು ಕಣ್ಣಿನಲ್ಲಿ ಓದುತ್ತಾನೆ.

ಯಾರು ಮಾಡಿದ್ದು ಇದನ್ನು? ಪರಭಾಷಿಕರ ಪಿತೂರಿ ಅಂತ ಬೈಯುವುದಕ್ಕೆ ಬಾಯಿ ತೆರೆಯಬೇಡಿ. ಮಾಲೀಕ ಯಾವ ಭಾಷೆಯವನೇ ಇರಲಿ, ಆ ಬೋರ್ಡನ್ನು ಕಂಪ್ಯೂಟರಿನಲ್ಲಿ ಕೂತು ಮಾಡಿದವನು ಬಹುಪಾಲು ನಮ್ಮ ಹುಡುಗನೇ. ಶಿರಾ ಕಡೆಯವನೋ, ಕನಕಪುರದವನೋ. ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಫ್ಲೆಕ್ಸ್ ಅಂಗಡಿಗೆ ಸೇರಿ, ಸೀನಿಯರ್ ಬೈಗುಳದ ನಡುವೆ ಕೋರಲ್ ಡ್ರಾ ಕಲಿತವನು. ಅವನಿಗೆ ಕನ್ನಡದ ಮೇಲೆ ನಮಗಿಂತ ಪ್ರೀತಿ ಕಡಿಮೆ ಇಲ್ಲ. ನವೆಂಬರ್ ಒಂದಕ್ಕೆ ಕೊರಳಿಗೆ ಹಳದಿ ಕೆಂಪು ಶಾಲು ಹಾಕುತ್ತಾನೆ. ಆದರೆ ಕನ್ನಡದ ಅಕ್ಷರವನ್ನು ಹೇಗೆ ಕೂರಿಸಬೇಕು ಅಂತ ಅವನಿಗೆ ಒಬ್ಬರೂ, ಒಂದು ದಿನವೂ ಹೇಳಿಕೊಟ್ಟಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ನಾವು ಬೋರ್ಡಿಗೆ ಹೋರಾಡಿದೆವು. ಬೋರ್ಡು ಬರೆಯುವ ಕೈಗೆ ಹೋರಾಡಲಿಲ್ಲ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಕನ್ನಡ ಶಾಲೆ ಮಕ್ಕಳಿಗೆ ವಿನ್ಯಾಸವನ್ನು, ಅಂದರೆ ಅಕ್ಷರ, ಬಣ್ಣ, ಪುಟ ಕಟ್ಟುವುದನ್ನು, ಕಂಪ್ಯೂಟರಿನ ಮೂಲಕ, ಕನ್ನಡದಲ್ಲೇ ಕಲಿಸಿ ಅಂತ ಒಂದು ಮೆರವಣಿಗೆಯಾದರೂ ಆಗಿದೆಯೇ?

‘ಡಿಸೈನಾ? ಅದೆಲ್ಲ ದೊಡ್ಡವರ ಮಕ್ಕಳ ಕೋರ್ಸು’ ಅನ್ನಬೇಡಿ. ನಾನು ಪಿಯುಸಿ ಓದಿದವನು. ಡಿಸೈನ್ ಕಾಲೇಜಿನ ಗೇಟು ಹತ್ತಿದವನಲ್ಲ. ಪ್ರೆಸ್ಸಿಗೆ ಸೇರಿದಾಗ ಮೊಳೆಗಳ ಕೇಸುಗಳು ಮೂಲೆ ಸೇರುತ್ತಿದ್ದವು, ಟ್ರೆಡಲ್ ಮಿಷಿನ್ನಿನಲ್ಲಿ ಬಿಲ್‌ಬುಕ್ಕು ಮಾತ್ರ ಓಡುತ್ತಿತ್ತು. ನನಗೆ ವಿನ್ಯಾಸ ಕಲಿಸಿದವರು ಏಳನೇ ಕ್ಲಾಸು ಓದಿದ ಒಬ್ಬ ಕಂಪಾಸಿಟರು. ಲಗ್ನಪತ್ರಿಕೆಯ ಪ್ರೂಫನ್ನು ತಲೆಕೆಳಗೆ ಹಿಡಿದು ನೋಡು ಅನ್ನುತ್ತಿದ್ದರು. ಓದಲಿಕ್ಕೆ ಬಾರದ ಹಾಗೆ ಹಿಡಿದರೆ ಕಪ್ಪು ಎಲ್ಲಿ ಹೆಚ್ಚಾಗಿದೆ, ಬಿಳಿ ಎಲ್ಲಿ ಸೋರಿದೆ ಅಂತ ಕಣ್ಣಿಗೇ ಹೊಡೆಯುತ್ತದೆ. ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿ ಪುಟ ಮುಗಿದ ಮೇಲೆ ಒಮ್ಮೆ ತಿರುಗಿಸಿ ನೋಡುತ್ತೇನೆ. ಹದಿಮೂರು ವರ್ಷದ ಹುಡುಗಿಗೆ ಇದು ಅರ್ಥವಾಗುವುದಿಲ್ಲ ಅನ್ನುವವರು ಹದಿಮೂರು ವರ್ಷದ ಹುಡುಗಿ ರಂಗೋಲಿ ಹಾಕುವುದನ್ನು ನೋಡಿಲ್ಲ.

ಕನ್ನಡಕ್ಕೆ ಬೇರೆಯೇ ವಿದ್ಯೆ ಬೇಕು, ಸ್ವಾಮಿ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತವೆ. ನಮ್ಮದು ೪೯ ಅಕ್ಷರದ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ನೋಡಿ. ಸ ಇದೆ, ಕೆಳಗೆ ತ ಒತ್ತು, ಜೊತೆಗೆ ರ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಹೀಗಾಗಿ ಇಂಗ್ಲಿಷಿಗೆ ಕೊಟ್ಟಷ್ಟೇ ಸಾಲಿನ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಇಂಗ್ಲಿಷು ಕಲಿತ ಡಿಸೈನರು ಅಕ್ಷರಗಳ ನಡುವೆ ಜಾಗ ಬಿಟ್ಟು ಚಂದ ಕಾಣಿಸುತ್ತಾನೆ. ಅದನ್ನೇ ಕನ್ನಡಕ್ಕೆ ಮಾಡಿದರೆ ದೀರ್ಘ ಬಿಟ್ಟುಹೋಗಿ ಆ ಕಡೆ ಅಕ್ಷರದ ಮನೆ ಸೇರುತ್ತದೆ. ಇಂಗ್ಲಿಷಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಅಂತ ಎರಡು ಜಾತಿ ಇವೆ, ಹೆಸರನ್ನು ದೊಡ್ಡದರಲ್ಲಿ ಹಾಕಿ ಎತ್ತಿ ಹಿಡಿಯಬಹುದು. ನಮ್ಮಲ್ಲಿ ಆ ಭೇದ ಇಲ್ಲ. ದಪ್ಪ, ಗಾತ್ರ, ಬಣ್ಣ, ಸುತ್ತಲಿನ ಬಿಳಿ ಜಾಗ, ಇವುಗಳಿಂದಲೇ ಎತ್ತಿ ಹಿಡಿಯಬೇಕು.

ಇನ್ನು ಮಹಾಪ್ರಾಣದ ಕಥೆ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ. ದಪ್ಪ ಫಾಂಟನ್ನು ಸಣ್ಣ ಗಾತ್ರದಲ್ಲಿ ಹಾಕಿ, ಇಂಕು ಸ್ವಲ್ಪ ಹೆಚ್ಚಾಗಿ ಬಿಟ್ಟಿರೋ, ಆ ಸೀಳು ಮುಚ್ಚಿಕೊಳ್ಳುತ್ತದೆ. ಸಂಘದವರು ‘ಧನಸಹಾಯ’ ಕೇಳಿ ಕರಪತ್ರ ಹಾಕಿದರೆ ಅದು ‘ದನಸಹಾಯ’ವಾಗಿ ಮನೆಮನೆ ಸೇರುತ್ತದೆ. ನಗಬೇಡಿ, ಇಂಥ ಕರಪತ್ರ ತಿದ್ದಿಕೊಡಿ ಅಂತ ನನ್ನ ಹತ್ತಿರ ಬಂದವರಿದ್ದಾರೆ. ಫಾಂಟು ಆರಿಸುವುದು ಶೋಕಿ ಅಲ್ಲ, ಅರ್ಥ ಉಳಿಸುವ ಕೆಲಸ.

ಹೊಟ್ಟೆಯೊಳಗಿನ ಸಂಗತಿ ಇನ್ನೂ ಇದೆ. ಹಳೆಯ ನುಡಿ ಫಾಂಟಿನಲ್ಲಿ ನೀವು ‘ಕ’ ಹೊಡೆದರೆ ಪರದೆಯ ಮೇಲೆ ಕಾಣುವುದು ಕ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತಿರುವುದು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಬೆನ್ನಿಗೆ ತಲೆ ಮೇಲೆ ಗೀರು ಹೊತ್ತ ಒಂದು ‘ಎ’. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ಬರೀ ಪಿ, ಎ, ಗೀರು, ಚುಕ್ಕೆಗಳ ಸಂತೆ. ಆ ಕಾಲಕ್ಕೆ ಅದು ಅನಿವಾರ್ಯ ಇತ್ತು, ಅದನ್ನು ಮಾಡಿಕೊಟ್ಟವರಿಗೆ ಕೈ ಮುಗಿಯೋಣ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಕೊಡದೇ ಇದ್ದಿದ್ದರೆ, ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಾರದೇ ಇದ್ದಿದ್ದರೆ ನನ್ನಂಥವರ ಪ್ರೆಸ್ಸು ಎಂದೋ ಬಾಗಿಲು ಹಾಕುತ್ತಿತ್ತು. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಸ್ವಂತ ಜಾಗ ಸಿಕ್ಕಿದೆ. ನಮ್ಮ ಏರಿಯಾದ ಒಂದು ತರಬೇತಿ ಕೇಂದ್ರ ಮಾತ್ರ ಇವತ್ತಿಗೂ ಪೇಜ್‌ಮೇಕರ್ ಕಲಿಸಿ ಫೀಸು ವಸೂಲು ಮಾಡುತ್ತಿದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ! ಅಲ್ಲಿ ಕಲಿಯುವ ಹುಡುಗರಲ್ಲಿ ಅರ್ಧದಷ್ಟು ಜನ ಆಗ ಹುಟ್ಟಿಯೇ ಇರಲಿಲ್ಲ.

ಸರ್ಕಾರ ಏನು ಮಾಡುತ್ತಿದೆ? ಎಸ್ಸೆಸ್ಸೆಲ್ಸಿಯ ೬೨೫ ಅಂಕದ ಆರು ವಿಷಯಗಳಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಅಂತ ನಾವೆಲ್ಲ ಉರು ಹೊಡೆದು ಬಂದವರೇ. ಆಯ್ದ ಕೆಲವು ಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ ಅಂತ ವೃತ್ತಿ ಶಿಕ್ಷಣ ಇದೆ. ಅದನ್ನು ತೆಗೆದುಕೊಂಡ ಮಕ್ಕಳು ತೃತೀಯ ಭಾಷೆಯ ಜಾಗದಲ್ಲಿ ಅದನ್ನೇ ಬರೆಯುವ ವ್ಯವಸ್ಥೆ ಮಾಡಿದ್ದಾರೆ. ಹಿಂದಿಯ ಬದಲು ಒಂದು ಕಸುಬು! ನಮ್ಮ ಚಳವಳಿಯವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೆಲ್ಲಿ ಸಿಗಬೇಕು? ಆಟೋಮೊಬೈಲ್, ರಿಟೇಲ್, ಬ್ಯೂಟಿ, ಐಟಿ ಎಲ್ಲ ಇವೆ. ಆ ಐಟಿಯೊಳಗೆ ಇಣುಕಿ ನೋಡಿದೆ. ಭೋಪಾಲದ ಕೇಂದ್ರ ಸಂಸ್ಥೆ ಒಂಬತ್ತು ಹತ್ತನೇ ತರಗತಿಗೆ ರೂಪಿಸಿದ ಐಟಿ ಪಠ್ಯದ ಗುರಿ ಏನು ಗೊತ್ತೇ? ‘ಡೊಮೆಸ್ಟಿಕ್ ಡೇಟಾ ಎಂಟ್ರಿ ಆಪರೇಟರ್.’ ಅಂದರೆ ಇನ್ನೊಬ್ಬರು ಬರೆದದ್ದನ್ನು ಖಾನೆಯಲ್ಲಿ ತುಂಬುವವನು. ನಮ್ಮ ಮಕ್ಕಳಿಗೆ ಕಟ್ಟಿಟ್ಟ ಕನಸು ಇಷ್ಟೇ ನೋಡಿ. ಖಾನೆ ಗೀಚುವವನು ಬೇರೆ, ತುಂಬುವವನು ಬೇರೆ. ಗೀಚುವವನಿಗೆ ಸಂಬಳ ಜಾಸ್ತಿ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೈಸ್ಕೂಲಿನಲ್ಲಿ ಇದೆಲ್ಲ ಆಗುವ ಹೋಗುವ ಮಾತಲ್ಲ ಅನ್ನುವ ಅಧಿಕಾರಿಗಳಿಗೆ ನಾನು ದೂರದ ದೇಶ ತೋರಿಸುವುದಿಲ್ಲ. ಕಾಸರಗೋಡು ತೋರಿಸುತ್ತೇನೆ.

ಹೌದು, ೧೯೫೬ರಲ್ಲಿ ಕೈತಪ್ಪಿದ, ೧೯೬೭ರಲ್ಲಿ ಮಹಾಜನ್ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದ ಅದೇ ಕಾಸರಗೋಡು. ಕೇರಳ ಸರ್ಕಾರ ಅಲ್ಲಿನ ಕನ್ನಡಿಗರಿಗೆ ಕೊಡುತ್ತಿರುವ ಕಾಟದ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದ್ದಾರೆಂದು ಅಲ್ಲಿನವರು ಒಂದಲ್ಲ ಹತ್ತು ಸಲ ಬೀದಿಗಿಳಿದಿದ್ದಾರೆ. ಆದರೆ ಇದನ್ನೂ ಕೇಳಿ. ಕೇರಳದ ಹೈಸ್ಕೂಲಿನಲ್ಲಿ ಐಸಿಟಿ ಅನ್ನುವುದು ಎಲ್ಲರಿಗೂ ಇರುವ ವಿಷಯ, ಎಸ್ಸೆಸ್ಸೆಲ್ಸಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ. ಮಲಯಾಳ, ಇಂಗ್ಲಿಷಿನ ಜೊತೆಗೆ ತಮಿಳು ಮತ್ತು ಕನ್ನಡದಲ್ಲೂ ಆ ಪುಸ್ತಕ ಅಚ್ಚಾಗುತ್ತದೆ. ಹಲವು ವರ್ಷ ಓಡಿದ ಹತ್ತನೇ ತರಗತಿ ಪುಸ್ತಕದ ಮೊದಲನೇ ಪಾಠವೇ ವಿನ್ಯಾಸ, ಇಂಕ್‌ಸ್ಕೇಪ್ ಅನ್ನುವ ಉಚಿತ ತಂತ್ರಾಂಶದಲ್ಲಿ. ಅಂದರೆ ಮಂಜೇಶ್ವರದ ಕನ್ನಡ ಶಾಲೆಯ ಹುಡುಗಿ ಲೋಗೋ ಬರೆಯುವುದನ್ನು ಕನ್ನಡದಲ್ಲೇ ಓದಿ ಪರೀಕ್ಷೆ ಬರೆದಿದ್ದಾಳೆ. ಗಡಿಯ ಈಚೆ, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಉಳ್ಳಾಲದ ಕನ್ನಡ ಶಾಲೆಯ ಹುಡುಗಿಗೆ, ಕನ್ನಡದ ಸ್ವಂತ ರಾಜ್ಯದಲ್ಲಿ, ಆ ಪುಸ್ತಕ ಇಲ್ಲ.

ಅಷ್ಟೇ ಅಲ್ಲ. ೨೦೧೮ರಲ್ಲಿ ಕೇರಳದವರು ‘ಲಿಟಲ್ ಕೈಟ್ಸ್’ ಅಂತ ಹೈಸ್ಕೂಲ್ ಮಕ್ಕಳ ಐಟಿ ಕ್ಲಬ್ಬು ಶುರು ಮಾಡಿದರು. ಅದರಲ್ಲಿ ಅನಿಮೇಷನ್ ಇದೆ, ಗ್ರಾಫಿಕ್ಸ್ ಇದೆ, ‘ಮಲಯಾಳಂ ಕಂಪ್ಯೂಟಿಂಗ್’ ಅನ್ನುವುದೇ ಒಂದು ಪಾಠವಾಗಿದೆ. ತಮ್ಮ ಭಾಷೆಯನ್ನು ಕಂಪ್ಯೂಟರಿಗೆ ತುಂಬುವುದನ್ನು ಹದಿನಾಲ್ಕು ವರ್ಷದ ಮಕ್ಕಳಿಗೆ ಕಲಿಸುತ್ತಾರೆ. ಬೈಯುವುದಾದರೆ ಬೈಯೋಣ, ಕಾಪಿ ಹೊಡೆಯುವುದಕ್ಕೆ ಏನಡ್ಡಿ?

ಈಗ ‘ಎಲೆಕ್ಟ್ರಾನಿಕ್ ತರಬೇತಿ’ಯ ಮಾತಿಗೆ ಬರೋಣ. ಇಲಾಖೆಯ ಮಹಾಶಯರಿಗೆ ಇ-ಕಲಿಕೆ ಅಂದರೆ ಮೇಷ್ಟ್ರನ್ನು ಕ್ಯಾಮೆರಾ ಮುಂದೆ ನಿಲ್ಲಿಸುವುದು. ಶಾಲೆ ಮುಚ್ಚಿದ್ದ ೨೦೨೦-೨೧ರಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲಿನ ಪಾಠ ಬಂತು. ಇರಲಿ, ಆ ಹೊತ್ತಿಗೆ ಅದೇ ದೊಡ್ಡದು. ಪಠ್ಯಪುಸ್ತಕದ ಪಾಠಗಳ ಪಕ್ಕ ಕ್ಯೂಆರ್ ಚೌಕ ಹಾಕಿದ್ದಾರೆ, ಫೋನು ಹಿಡಿದರೆ ೨೦೧೭ರಲ್ಲಿ ಶುರುವಾದ ದೀಕ್ಷಾದಲ್ಲಿ ವಿಡಿಯೋ ತೆರೆಯುತ್ತದೆ. ದಾರಿ ಸಿದ್ಧವಾಗಿದೆ, ಗಾಡಿ ಓಡುತ್ತಿಲ್ಲ. ಅದೇ ಚೌಕದ ಹಿಂದೆ ಕನ್ನಡ ಅಕ್ಷರ ವಿನ್ಯಾಸದ ಇಪ್ಪತ್ತು ಪಾಠ ಇಡುವುದಕ್ಕೆ ಹೊಸ ಕಟ್ಟಡ ಬೇಕೇ, ಟೆಂಡರು ಬೇಕೇ?

ಹೇಗಿರಬೇಕು ಆ ಪಾಠ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಐಐಟಿ ಬಾಂಬೆಯವರ ‘ಸ್ಪೋಕನ್ ಟ್ಯುಟೋರಿಯಲ್’ ನೋಡಿ. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಪರದೆಯ ಅರ್ಧದಲ್ಲಿ ಪಾಠ ಓಡಿಸಿ, ಇನ್ನರ್ಧದಲ್ಲಿ ಇಂಕ್‌ಸ್ಕೇಪ್ ತೆರೆದಿಟ್ಟು, ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೀವೂ ಮಾಡಬೇಕು. ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಿಗೆ ದನಿ ಕೊಡುವುದು ಆ ಯೋಜನೆಯ ರೀತಿ. ಕೈಯಾಡಿಸುತ್ತಾ ಕಲಿಯುವ ಈ ಕ್ರಮ ಪ್ರೆಸ್ಸಿನವರಿಗೆ ಹೊಸದಲ್ಲ. ಕಂಪಾಸಿಟರ ಪಕ್ಕ ನಿಂತು ನಾವು ಕಲಿತದ್ದೂ ಹೀಗೆಯೇ.

ದುಡ್ಡಿನ ನೆವವೂ ನಡೆಯುವುದಿಲ್ಲ. ಇಂಕ್‌ಸ್ಕೇಪಿಗೆ ಕಾಸಿಲ್ಲ, ಫೋಟೋ ತಿದ್ದುವ ಗಿಂಪ್‌ಗೆ ಕಾಸಿಲ್ಲ, ಪುಟ ಕಟ್ಟುವ ಸ್ಕ್ರೈಬಸ್ಸಿಗೆ ಕಾಸಿಲ್ಲ. ೨೦೨೪ರಲ್ಲಿ ಬಂದ ಸ್ಕ್ರೈಬಸ್ ೧.೬ ಯೂನಿಕೋಡ್ ಕನ್ನಡವನ್ನು ಒಡೆಯದೆ ಕೂರಿಸುತ್ತದೆ. ನೋಟೋ ಕನ್ನಡ, ಬಾಲೂ ತಮ್ಮ, ಅನೆಕ್ ಕನ್ನಡ, ಅಕಾಯ ಕನಡಕ, ತಿರೋ ಕನ್ನಡ, ಹುಬ್ಬಳ್ಳಿ, ಬೆಣ್ಣೆ, ಇವೆಲ್ಲ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ ಫಾಂಟುಗಳು. ಆದರೆ ಲೆಕ್ಕ ನೋಡಿ. ಗೂಗಲ್ ಫಾಂಟ್ಸ್‌ನಲ್ಲಿ ಇಂಗ್ಲಿಷಿಗೆ ಸಾವಿರಕ್ಕೂ ಮಿಕ್ಕಿ ಫಾಂಟುಗಳಿವೆ, ಕನ್ನಡಕ್ಕೆ ಹತ್ತು ಹನ್ನೆರಡು. ಹೆಚ್ಚು ಕಾಣಿಸುವ ನೋಟೋವನ್ನು ಮಾಡಿಸಿದ್ದು ಗೂಗಲ್ ಕಂಪನಿ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದವರು ಜರ್ಮನಿಯ ಪಾದ್ರಿ ಮೋಗ್ಲಿಂಗ್. ನೂರ ಎಂಬತ್ತು ವರ್ಷ ದಾಟಿದ ಮೇಲೂ ನಮ್ಮ ಅಕ್ಷರಕ್ಕೆ ರೂಪ ಕೊಡುವವರನ್ನು ಹೊರಗಿನಿಂದಲೇ ಕಾಯುತ್ತಿದ್ದೇವೆ. ಪಾದ್ರಿಗೂ ನಮಸ್ಕಾರ, ಗೂಗಲ್ಲಿಗೂ ನಮಸ್ಕಾರ. ನಮ್ಮ ಮಕ್ಕಳು ಯಾವಾಗ ಮಾಡುವುದು?

ಒಂದು ಎಚ್ಚರ. ಪರದೆಯೊಂದೇ ಸಾಲದು. ಮೊದಲ ತಿಂಗಳು ಮೌಸು ಮುಟ್ಟಿಸಬಾರದು, ಪೆನ್ಸಿಲು ಮತ್ತು ಚೌಕುಳಿ ಹಾಳೆ ಕೊಡಬೇಕು. ‘ಅ’ ಬರೆದು ಅದರ ಹೊಟ್ಟೆ ಎಷ್ಟು, ಬಾಲ ಎಷ್ಟು ಅಂತ ಚೌಕ ಎಣಿಸಬೇಕು. ಅದಕ್ಕೆ ಡ್ರಾಯಿಂಗ್ ಮೇಷ್ಟ್ರು ಬೇಕು. ಲೋಯರ್, ಹೈಯರ್ ಅಂತ ಡ್ರಾಯಿಂಗ್ ಪರೀಕ್ಷೆಗಳನ್ನು ನಮ್ಮ ಪರೀಕ್ಷಾ ಮಂಡಳಿ ನಡೆಸುತ್ತದೆ. ಆದರೆ ನಿಮ್ಮ ಊರಿನ ಸರ್ಕಾರಿ ಹೈಸ್ಕೂಲಿಗೆ ಹೋಗಿ ಡ್ರಾಯಿಂಗ್ ಮೇಷ್ಟ್ರು ಎಲ್ಲಿ ಅಂತ ಕೇಳಿ, ಉತ್ತರ ನೀವೇ ಕೇಳಿಸಿಕೊಳ್ಳಿ. ಊರಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಇನ್ನೂ ಇದ್ದಾರೆ. ಫ್ಲೆಕ್ಸ್ ಬಂದು ಅವರ ಬ್ರಷ್ಷು ಒಣಗಿಸಿತು. ವಾರಕ್ಕೊಂದು ದಿನ ಗೌರವಧನ ಕೊಟ್ಟು ಶಾಲೆಗೆ ಕರೆಸಿದರೆ ಅವರ ಕೈಯಲ್ಲಿರುವ ವಿದ್ಯೆ ಅವರೊಂದಿಗೇ ಮಣ್ಣಾಗುವುದು ತಪ್ಪುತ್ತದೆ.

ನಮ್ಮ ಪಂಡಿತರಿಗೂ ಒಂದು ಮಾತು. ಪಾಠ ಕನ್ನಡದಲ್ಲಿ ಅಂದ ಕೂಡಲೇ ಲೇಯರ್‌ಗೆ ಏನನ್ನಬೇಕು, ಪಿಕ್ಸೆಲ್‌ಗೆ ಯಾವ ಧಾತು ಅಂತ ಸಮಿತಿ ರಚಿಸಿಬಿಡಬೇಡಿ, ದಮ್ಮಯ್ಯ! ಲೇಯರ್ ಲೇಯರ್ ಆಗಿಯೇ ಇರಲಿ. ಪ್ರೆಸ್ಸು, ಪ್ಲೇಟು, ಪ್ರೂಫು ಅಂದುಕೊಂಡೇ ನಾವು ಕನ್ನಡ ಪುಸ್ತಕ ಅಚ್ಚು ಹಾಕಿದ್ದೇವೆ. ವಿವರಿಸುವ ಮಾತು ಕನ್ನಡವಾಗಿರಬೇಕು, ಕೂರಿಸುವ ಅಕ್ಷರ ಕನ್ನಡವಾಗಿರಬೇಕು.

‘ಇನ್ನೇನು ಕೃತಕ ಬುದ್ಧಿಮತ್ತೆ ಬಂತಲ್ಲ, ಡಿಸೈನು ಅದೇ ಮಾಡುತ್ತದೆ’ ಅನ್ನುವ ಜಾಣರಿದ್ದಾರೆ. ಮಾಡುತ್ತದೆ. ರಾಜ್ಯೋತ್ಸವದ ಪೋಸ್ಟರು ಕೇಳಿದರೆ ಭುವನೇಶ್ವರಿಯ ಚಿತ್ರ ಬರುತ್ತದೆ, ಕೆಳಗೆ ಕನ್ನಡದ ಹಾಗೆ ಕಾಣುವ, ಕನ್ನಡವೇ ಅಲ್ಲದ ಜಿಲೇಬಿ ಸುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಗಿರಾಕಿ ಅದನ್ನೇ ಫೋನಿನಲ್ಲಿ ತಂದು ‘ಪ್ರಿಂಟ್ ಹಾಕಿ’ ಅನ್ನುತ್ತಾನೆ. ಯಂತ್ರ ನಾಳೆ ಸುಧಾರಿಸಬಹುದು. ತಪ್ಪು ಯಾವುದು ಸರಿ ಯಾವುದು ಅಂತ ಗುರುತಿಸುವ ಕಣ್ಣು ಆಗಲೂ ಬೇಕು, ಆ ಕಣ್ಣು ಹೈಸ್ಕೂಲಿನಲ್ಲೇ ತೆರೆಯಬೇಕು.

ಆದ್ದರಿಂದ ಬರುವ ನವೆಂಬರಿಗೆ ಆರ್ಕೆಸ್ಟ್ರಾ ಒಂದು ಕಡಿಮೆ ಮಾಡಿ. ನಿಮ್ಮ ಬಡಾವಣೆಯ ಸರ್ಕಾರಿ ಹೈಸ್ಕೂಲಿನ ಎಸ್‌ಡಿಎಂಸಿ ಸಭೆಗೆ ಹೋಗಿ. ಕಂಪ್ಯೂಟರ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಕೇಳಿ. ಡಿಎಸ್‌ಇಆರ್‌ಟಿಗೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಮನವಿ ಕೊಡಿ. ಎನ್‌ಎಸ್‌ಕ್ಯೂಎಫ್ ಪಟ್ಟಿಗೆ ಕನ್ನಡ ಮುದ್ರಣ ಮತ್ತು ವಿನ್ಯಾಸ ಸೇರಬೇಕು, ಪಾಠ ಕನ್ನಡದಲ್ಲಿ ಬರಬೇಕು, ತಂತ್ರಾಂಶ ಉಚಿತದ್ದೇ ಆಗಬೇಕು ಅಂತ ಬರೆಯಿರಿ. ಮನವಿಯನ್ನು ದಯವಿಟ್ಟು ಯೂನಿಕೋಡಿನಲ್ಲೇ ಟೈಪು ಮಾಡಿ. ಉತ್ತರ ಬಾರದಿದ್ದರೆ ಆಮೇಲೆ ನಿಮಗೆ ಗೊತ್ತಿರುವ ದಾರಿ ಇದ್ದೇ ಇದೆ. ನಿಮ್ಮಲ್ಲಿ ಫೋಟೋಶಾಪ್ ಗೊತ್ತಿರುವವರು, ರೀಲ್ಸ್ ಎಡಿಟ್ ಮಾಡುವವರು ನೂರಾರು ಜನ ಇದ್ದೀರಿ. ಉತ್ತರ ಬರುವ ತನಕ ಶನಿವಾರ ಮಧ್ಯಾಹ್ನ ಎರಡು ಗಂಟೆ ಕೊಡಿ. ಎರಡು ಹಳೆಯ ಕಂಪ್ಯೂಟರು, ಹತ್ತು ಮಕ್ಕಳು ಸಾಕು ಶುರುವಿಗೆ.

ಹಾಳೆಯ ಚಿಂತೆ ಬೇಡ. ಆಫ್‌ಸೆಟ್ ಕಟಿಂಗಿನಲ್ಲಿ ಉಳಿಯುವ ಒಳ್ಳೆಯ ಬಿಳಿ ಕಾಗದ ಪ್ರತಿ ಪ್ರೆಸ್ಸಿನಲ್ಲೂ ಮೂಟೆ ಕಟ್ಟಿ ರದ್ದಿಗೆ ಹೋಗುತ್ತದೆ. ನನ್ನಲ್ಲಿಗೆ ಚೀಲ ತಂದವರಿಗೆ ನಾನು ಕೊಡುತ್ತೇನೆ. ಬೇಕಾದರೆ ಚ��ಕುಳಿ ಗೀಟನ್ನೂ ಅಚ್ಚು ಹಾಕಿಯೇ ಕೊಡುತ್ತೇನೆ.